ತಾಳ ಹಾಕುತ್ತಾ ಕಾಯುವವರು



ಮಕ್ಕಳ ಚಿತ್ರಕಲಾ ಸ್ಪರ್ಧೆಗೆ ತೀರ್ಪುಗಾರರಾಗಿ ಹೋದವರಿಗೆಲ್ಲ ಒಂದು ಚಿತ್ರ ಚೆನ್ನಾಗಿ ಗೊತ್ತು. ಎರಡು ಗುಡ್ಡ, ನಡುವೆ ಮೂಡುವ ಸೂರ್ಯ, ಗುಡ್ಡದ ಸಂದಿಯಿಂದ ಇಳಿದುಬರುವ ಹೊಳೆ, ದಡದಲ್ಲೊಂದು ಮನೆ, ಪಕ್ಕದಲ್ಲೊಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ರಾಯಚೂರಿನ ಬಯಲಲ್ಲಿ ಬೆಳೆದ ಮಗು ಬರೆಯುವುದೂ ಇದನ್ನೇ, ದಿನಾ ಸಂಜೆ ಸೂರ್ಯ ಕಡಲಿಗೆ ಇಳಿಯುವುದನ್ನು ನೋಡುವ ಕಾರವಾರದ ಮಗು ಬರೆಯುವುದೂ ಇದನ್ನೇ.

ಅಂಥದೊಂದು ಸ್ಪರ್ಧೆಯಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕು ಬರೆದಿದ್ದ. ಅದರ ನೆರಳಲ್ಲಿ ಒಂದು ಬೆಕ್ಕು. "ಯಾಕಪ್ಪಾ ಟ್ಯಾಂಕು?" ಎಂದೆ. "ನಮ್ಮ ಬೆಕ್ಕು ಮಧ್ಯಾಹ್ನ ಅಲ್ಲೇ ಮಲಗೋದು ಸರ್" ಎಂದ. ಕೊಟ್ಟಿದ್ದ ವಿಷಯ 'ಪ್ರಕೃತಿ ಸೌಂದರ್ಯ'. ಟ್ಯಾಂಕು ಅದರಲ್ಲಿ ಬರುವುದಿಲ್ಲವೆಂದು ಜೊತೆಗಿದ್ದ ಹಿರಿಯರು ಹಾಳೆಯನ್ನು ಬದಿಗಿಟ್ಟರು. ನಾನು ಬಾಯಿಬಿಡಲಿಲ್ಲ. ಆ ಹುಡುಗ ಮುಂದಿನ ಸಲ ಎರಡು ಗುಡ್ಡ ಬರೆದಿರುತ್ತಾನೆ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸೃಜನಶೀಲತೆ ಎಂದರೆ ಎಲ್ಲೋ ಒಬ್ಬ ಕವಿ, ಒಬ್ಬ ವಿಜ್ಞಾನಿಗೆ ಒಲಿದ ವರ ಎಂದು ನಂಬಿಕೊಂಡು ಬಂದಿದ್ದೇವೆ. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದ ಜೆ. ಪಿ. ಗಿಲ್‌ಫರ್ಡ್ ತಮ್ಮ ಅಧ್ಯಕ್ಷ ಭಾಷಣದಲ್ಲಿ ಇದನ್ನು ಪ್ರಶ್ನಿಸಿದರು. ಅದು ಹೆಚ್ಚೋ ಕಡಿಮೆಯೋ ಎಲ್ಲರಲ್ಲೂ ಇರುವ ಗುಣ ಎಂದರು. ಹಾಗಾದರೆ ಇದ್ದದ್ದು ಹೋಗುವುದೆಲ್ಲಿಗೆ?

ಶಿಸ್ತೇ ಅದನ್ನು ಕೊಲ್ಲುತ್ತದೆ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಕರ್ನಾಟಕ ಸಂಗೀತದ ಪಾಠಕ್ರಮವನ್ನೇ ನೋಡಿ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿ, ಇದಿಷ್ಟೂ ಕಲ್ಪಿತ ಸಂಗೀತ, ಬೇರೆಯವರು ಕಟ್ಟಿಟ್ಟದ್ದು. ವರ್ಷಗಟ್ಟಲೆ ಅದರಲ್ಲಿ ಗಂಟಲು ಪಳಗಿದ ಮೇಲೆ ಬರುವುದು ಮನೋಧರ್ಮ. ಆಲಾಪನೆ, ನೆರವಲು, ಕಲ್ಪನಾಸ್ವರ. ಅಲ್ಲಿ ಹಾಡುವವರು ಆ ಕ್ಷಣದಲ್ಲೇ ಕಟ್ಟಬೇಕು. ಸರಳೆ ಬಾರದವನಿಗೆ ಮನೋಧರ್ಮವೂ ಬಾರದು. ನಮ್ಮ ಶಾಲೆಗಳ ಕಷ್ಟವೇನೆಂದರೆ ಅಲ್ಲಿ ಹತ್ತಾರು ವರ್ಷ ಬರೀ ಸರಳೆ ನಡೆಯುತ್ತದೆ, "ಇನ್ನು ನೀನೇ ಹಾಡು" ಎನ್ನುವ ದಿನ ಬರುವುದೇ ಇಲ್ಲ.

ಆ ದಿನ ಹೇಗಿರುತ್ತದೆ ಎಂಬುದನ್ನು ನಾನು ಪಕ್ಕದ ಮನೆಯಲ್ಲಿ ಕಂಡಿದ್ದೇನೆ. ಐದಾರು ವರ್ಷ ಪಾಠವಾಗಿದ್ದ ಹುಡುಗಿ ಮೋಹನ ರಾಗದ ಕೃತಿಯೊಂದನ್ನು ಹಾಡಿ ಮುಗಿಸಿದಳು. "ಇನ್ನು ನೀನೇ ಸ್ವರ ಹಾಕಮ್ಮ, ಒಂದೇ ಆವರ್ತ ಸಾಕು" ಎಂದರು ಟೀಚರ್. ಹುಡುಗಿ ಗಪ್‌ಚಿಪ್. ಟೀಚರ ಕೈ ಮಾತ್ರ ತೊಡೆಯ ಮೇಲೆ ಆದಿತಾಳ ಹಾಕುತ್ತಲೇ ಇತ್ತು. ಒಂದು ಆವರ್ತ ಖಾಲಿ ಹೋಯಿತು, ಇನ್ನೊಂದೂ ಹೋಯಿತು. ಮೂರನೆಯದರಲ್ಲಿ "ಗ ಪ ದ" ಎಂದು ಅಳುಕುತ್ತಾ ಶುರುಮಾಡಿದಳು, ಸಾಹಿತ್ಯಕ್ಕೆ ಮರಳಬೇಕಾದ ಜಾಗ, ಅಂದರೆ ಎಡುಪು, ತಪ್ಪಿತು. ಟೀಚರು ತಿದ್ದಲಿಲ್ಲ, ಮುಖ ಸಿಂಡರಿಸಲಿಲ್ಲ. "ಹ್ಞೂಂ" ಎಂದರು, ಅಷ್ಟೇ. ತಾಳ ನಿಲ್ಲಲಿಲ್ಲ. ಹುಡುಗಿ ಮತ್ತೆ ಹಾಡಿದಳು.

ಆಫೀಸುಗಳಲ್ಲಿ ಇಂಥ ಟೀಚರು ಸಿಗುವುದು ಬಹಳ ಅಪರೂಪ. ಅಲ್ಲಿ ಹೊಸ ಯೋಚನೆ ಬೇಕೆಂದರೆ ಮೀಟಿಂಗ್ ಕರೆಯುತ್ತಾರೆ. ಅದಕ್ಕೆ ಬ್ರೈನ್‌ಸ್ಟಾರ್ಮಿಂಗ್ ಎಂಬ ಹೆಸರೂ ಉಂಟು. ಅದನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಜಾಹೀರಾತು ರಂಗದ ಅಲೆಕ್ಸ್ ಆಸ್‌ಬರ್ನ್. ಟೀಕೆ ಬೇಡ, ಸಿಕ್ಕಾಪಟ್ಟೆ ಹೇಳಿ, ವಿಚಿತ್ರವಾದರೂ ಸರಿ, ಒಬ್ಬರ ಮಾತಿಗೆ ಇನ್ನೊಬ್ಬರು ಪೋಣಿಸಿ ಎಂಬವು ಅವರ ನಿಯಮಗಳು. ಒಳ್ಳೆಯ ನಿಯಮಗಳೇ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಾಲ್ವರನ್ನು ಒಟ್ಟಿಗೆ ಕೂರಿಸಿದರು, ಇನ್ನು ನಾಲ್ವರಿಗೆ ಬೇರೆ ಬೇರೆಯಾಗಿ ಅದೇ ಪ್ರಶ್ನೆ ಕೊಟ್ಟರು. ಒಂಟಿಯಾಗಿ ಕೂತವರ ಯೋಚನೆಗಳನ್ನು ಕೂಡಿಸಿ, ಎರಡೆರಡು ಸಲ ಬಂದದ್ದನ್ನು ಹೊಡೆದುಹಾಕಿದ ಮೇಲೂ ಅವು ಗುಂಪಿನವರಿಗಿಂತ ಹೆಚ್ಚುಕಡಿಮೆ ಎರಡರಷ್ಟಿದ್ದವು. ಕಾರಣವನ್ನು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬಿಡಿಸಿ ತೋರಿಸಿದರು. ಗುಂಪಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಸರದಿಗೆ ಕಾಯುವಷ್ಟರಲ್ಲಿ ಉಳಿದವರಿಗೆ ಹೊಳೆದದ್ದು ಮರೆತುಹೋಗುತ್ತದೆ, ಹೊಸದು ಹೊಳೆಯುವುದೂ ನಿಲ್ಲುತ್ತದೆ. ನೆನಪಿಡಿ, ಆ ಪ್ರಯೋಗಗಳಲ್ಲಿ ಕೂತವರು ವಿದ್ಯಾರ್ಥಿಗಳು. ಬಡ್ತಿ ಕೊಡುವ ಸಾಹೇಬರು ಎದುರಿಗಿರಲಿಲ್ಲ.

ಜಪಾನಿನ ಟೊಯೋಟಾ ಹಿಡಿದ ದಾರಿ ಬೇರೆ. 1950ರಲ್ಲಿ ಆ ಕಂಪನಿಯ ಏಜಿ ಟೊಯೋಡ ಅಮೆರಿಕದ ಫೋರ್ಡ್ ಕಾರ್ಖಾನೆಗೆ ಹೋಗಿದ್ದರು. ಅಲ್ಲಿನ ಕಾರ್ಮಿಕರು ಸಲಹೆ ಕೊಡುವ ಪದ್ಧತಿ ಅವರ ಕಣ್ಣಿಗೆ ಬಿತ್ತು. 1951ರಲ್ಲಿ ಅದು ಟೊಯೋಟಾದಲ್ಲಿ ಶುರುವಾಯಿತು. ದೊಡ್ಡ ಆವಿಷ್ಕಾರ ಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಸ್ಪ್ಯಾನರ್ ಎಲ್ಲಿಟ್ಟರೆ ಒಂದು ಹೆಜ್ಜೆ ಉಳಿಯುತ್ತದೆ, ಬೆನ್ನು ಬಗ್ಗಿಸುವುದು ಹೇಗೆ ತಪ್ಪುತ್ತದೆ, ಇಷ್ಟು ಸಾಕಿತ್ತು. ಸಲಹೆ ಕೇಳಿದವರು ಅದಕ್ಕೆ ಉತ್ತರವನ್ನೂ ಕೊಡುತ್ತಿದ್ದರು, ಆ ಉತ್ತರವೇ ಮುಂದಿನ ಸಲಹೆ ತರುತ್ತಿತ್ತು. ನಮ್ಮಲ್ಲಿ ಎಷ್ಟೋ ಕಡೆ ಸಲಹಾ ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿರುತ್ತದೆ.

ನಾನು ಕೆಲಸ ಮಾಡಿದ ಒಂದು ಕಚೇರಿಯ ಸಂಗತಿ ಹೇಳುತ್ತೇನೆ. ಅರ್ಜಿ ತಪ್ಪಾಗಿ ತುಂಬಿ ಜನ ಎರಡು ಮೂರು ಸಲ ಅಲೆಯುತ್ತಿದ್ದರು. ಅದಕ್ಕೆ ಉಪಾಯ ಹುಡುಕಲು ಮೀಟಿಂಗ್ ಆಯಿತು. ಮೊದಲು ಮಾತಾಡಿದವರು ಮುಖ್ಯಸ್ಥರು, ಉಳಿದವರೆಲ್ಲ ತಲೆಯಾಡಿಸಿದೆವು. ಆಮೇಲೆ ಕಾಫಿ ಕುಡಿಯುವಾಗ ಕೌಂಟರಿನಲ್ಲಿ ಕೂರುವ ಹೆಣ್ಣುಮಗಳು ನನ್ನ ಹತ್ತಿರ ಬಂದು, "ಸರ್, ಒಂದು ಅರ್ಜಿ ಸರಿಯಾಗಿ ತುಂಬಿ ಗೋಡೆಗೆ ಅಂಟಿಸಿದ್ರೆ ಸಾಕಲ್ವಾ?" ಎಂದರು. ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನೀವೇ ಮಾಡಿ ಅಂತಾರೆ ಸರ್. ಏನಾದ್ರೂ ತಪ್ಪಾದ್ರೆ ನೋಟಿಸು ಬರೋದು ನಂಗೆ."

ಈ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹಳೆಯ ರೀತಿಯಲ್ಲೇ ಮಾಡಿ ಕೆಲಸ ಕೆಟ್ಟರೆ ಕೇಳುವವರಿಲ್ಲ, ಹೊಸದಾಗಿ ಮಾಡಿ ಕೆಟ್ಟರೆ ವಿವರಣೆ ಕೊಡಬೇಕು. ಅಂದಮೇಲೆ ಯಾರು ಬಾಯಿಬಿಡುತ್ತಾರೆ?

ಮುಂದಿನ ಮೀಟಿಂಗ್ ನಡೆಸುವ ಸರದಿ ನನ್ನದಾಗಿತ್ತು. ಮೊದಲ ಹತ್ತು ನಿಮಿಷ ಯಾರೂ ಮಾತಾಡುವುದು ಬೇಡ, ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಿ ಎಂದೆ. ಬಹಳಷ್ಟು ಚೀಟಿಗಳಲ್ಲಿ ಹುರುಳಿರಲಿಲ್ಲ, ನಿಜ. ಆದರೂ ಒಂದೊಂದನ್ನೂ ಓದಿ, ಯಾವುದು ಆಗುತ್ತದೆ, ಯಾವುದು ಯಾಕೆ ಆಗುವುದಿಲ್ಲ ಎಂದು ಅಲ್ಲೇ ಮಾತಾಡಿದೆವು. ಗೋಡೆಗೆ ಅಂಟಿಸುವ ಅರ್ಜಿಯ ಮಾತೂ ಒಂದು ಚೀಟಿಯಲ್ಲಿತ್ತು. ತಪ್ಪಾದರೆ ಉತ್ತರ ಕೊಡುವುದು ನನ್ನ ಹೊಣೆ ಎಂದು ಎಲ್ಲರ ಎದುರಿಗೇ ಹೇಳಿದೆ.

ಮರುವಾರ ಕೌಂಟರಿನ ಪಕ್ಕ ನೀಲಿ ಇಂಕಿನಲ್ಲಿ ತುಂಬಿದ ಅರ್ಜಿಯೊಂದು ಕಾಣಿಸಿತು. ಜನ ಎಡವುವ ಕಲಮುಗಳ ಸುತ್ತ ಕೆಂಪು ಗೆರೆ. ತಿಂಗಳಾದ ಮೇಲೆ ನೋಡಿದರೆ ಅದರ ಕೆಳಗೆ ಹಸಿರು ಸ್ಕೆಚ್ ಪೆನ್ನಿನಲ್ಲಿ ಬೇರೆ ಯಾರದೋ ಅಕ್ಷರ ಸೇರಿಕೊಂಡಿತ್ತು: "ಝೆರಾಕ್ಸ್ ಎರಡು ಪ್ರತಿ ತನ್ನಿ, ಒಂದು ಸಾಲದು."