ಯುಪಿಎಸ್ ಕೂಗಿದಾಗ ನಾನು ಸುಮ್ಮನಿದ್ದೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೇಳ್ತಾ ಇದ್ದೀರಾ? ಹಾಗಿದ್ರೆ ನಿಮ್ಮ ಜೇಬಿನಲ್ಲಿರೋ ಫೋನನ್ನ ಒಮ್ಮೆ ಮುಟ್ಟಿ ನೋಡ್ಕೊಳ್ಳಿ. ಇವತ್ತು ನಾನು ಹೇಳೋ ಕಂಪ್ಯೂಟರ್ ಒಂದು ಇಡೀ ಕೋಣೆಯನ್ನೇ ಹಿಡ್ಕೊಂಡಿತ್ತು. ಅದರ ಹತ್ತಿರ ಹೋಗೋಕೆ ಚಪ್ಪಲಿ ಹೊರಗೆ ಬಿಡಬೇಕಿತ್ತು.

ನಮ್ಮೂರು ದೇವದುರ್ಗ. ಕಂಪ್ಯೂಟರ್‌ನಿಂದ ಬಂದ ಕಾಗದ ಅಂತ ನಾನು ಮೊದಲು ನೋಡಿದ್ದು ಪಹಣಿ. ಭೂಮಿ ಯೋಜನೆ ಬಂದ ಹೊಸದು. ಅಪ್ಪ ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಪ್ರಿಂಟ್ ತಂದು, ನಮ್ಮ ಹೊಲದ ಸರ್ವೆ ನಂಬರ್ ಮೇಲೆ ಬೆರಳಿಟ್ಟು ತೋರಿಸಿದ್ದ. ಆದ್ರೆ ಅದನ್ನ ಹೊರಗೆ ತೆಗೆಯೋ ಯಂತ್ರ ನೋಡಿದ್ದು 2003ರ ಬೇಸಿಗೆ ರಜೆಯಲ್ಲಿ, ರಾಯಚೂರಿನ ಸೋದರಮಾವನ ಮನೆಯಲ್ಲಿ.

ಮಾವನಿಗೆ ಗಂಜ್‌ನಲ್ಲಿ ಹತ್ತಿ ವ್ಯಾಪಾರ. ಲೆಕ್ಕ ಬರೆಯೋಕೆ ಅಂತ ಬಿಡಿಭಾಗ ಜೋಡಿಸಿದ ಕಂಪ್ಯೂಟರ್ ತಂದಿದ್ರು. ಡಬ್ಬಿಯಂಥ ಮಾನಿಟರ್, ವಿಂಡೋಸ್ 98, ಮೇಲೊಂದು ಹೂವಿನ ಬಟ್ಟೆ, ಸಿಪಿಯುಗೆ ಕುಂಕುಮ. 1.44 ಎಂಬಿಯ ಫ್ಲಾಪಿಗಳು. ಈಗ ನೀವು ಫೋನಲ್ಲಿ ತೆಗೆಯೋ ಎಷ್ಟೋ ಫೋಟೊಗಳು, ಒಂದೊಂದಾಗಿ ಕೂಡ, ಅದರಲ್ಲಿ ಹಿಡಿಸಲ್ಲ.

ಆ ರಜೆಗೆ ಮಾನ್ವಿಯಿಂದ ದೊಡ್ಡವ್ವನ ಮಗಳೂ ಬಂದಿದ್ಲು. ಅಕ್ಕ ಆಗಷ್ಟೇ ಪಿಯುಸಿ ಮುಗಿಸಿದ್ಲು. ಕುರ್ಚಿ ಮಾತ್ರ ನನಗೆ ಸಿಗ್ತಿತ್ತು, ಯಾಕಂದ್ರೆ ನಾನು ಹುಡುಗ. ಅವಳು ನನ್ನ ಹಿಂದೆ ನಿಂತು ನೋಡ್ತಿದ್ಲು. ಮನೆಯವರು ಮಧ್ಯಾಹ್ನ ಬಿಸಿಲಿಗೆ ಮಲಗಿದ ಮೇಲೆ ಅವಳ ಸರದಿ.

ಮಾವ ನುಡಿ ತಂತ್ರಾಂಶ ಹಾಕಿಸಿದ್ರು. ಕನ್ನಡ ಗಣಕ ಪರಿಷತ್ತು ಮಾಡಿದ್ದು. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಇಂಗ್ಲಿಷ್ ಕೀಲಿಗಳ ಮೇಲೇ ಕನ್ನಡದ ದನಿ. ನಾನು 'ಅಮ್ಮ' ಅಂತ ಬರೆಯೋಕೆ ಹೋದ್ರೆ 'ಅಮಮ' ಅಂತ ಬರ್ತಿತ್ತು. ಸಿಟ್ಟು ಬಂದು ಎದ್ದು ಹೋದೆ. ಅಕ್ಕ ಒಂದೊಂದೇ ಕೀಲಿ ಒತ್ತುತ್ತಾ ಕೂತ್ಲು. ಸ್ವಲ್ಪ ಹೊತ್ತಿಗೆ ಕೂಗಿದ್ಲು: "ತಮ್ಮಾ, ಬಾ ಇಲ್ಲಿ! ನಡುವ ಎಫ್ ಒತ್ತಬೇಕ ನೋಡು!" ಎ, ಎಂ, ಎಫ್, ಎಂ. ಪರದೆ ಮೇಲೆ 'ಅಮ್ಮ' ಬಂತು. ಒತ್ತಕ್ಷರದ ಗುಟ್ಟು ನನಗೆ ಕಲಿಸಿದ್ದು ಅವಳು, ಯಾವ ಕ್ಲಾಸೂ ಅಲ್ಲ.

ಈಗ ಆ ದಿನದ ಮಾತು. ಮಾರ್ಚ್ ಮುಗಿದಿತ್ತು, ಮಾವ ವರ್ಷದ ಲೆಕ್ಕವನ್ನ ಖಾತೆ ಪುಸ್ತಕದಿಂದ ಕಂಪ್ಯೂಟರ್‌ಗೆ ಏರಿಸ್ತಿದ್ರು. ಎರಡು ದಿನದ ಕೆಲಸ ತೆರೆದಿಟ್ಟೇ ಊಟಕ್ಕೆ ಹೋದ್ರು. ನಾನು ಅದನ್ನ ಕೆಳಗಿಳಿಸಿ ರೋಡ್ ರ್ಯಾಶ್ ಹಚ್ಚಿದೆ. ಕರೆಂಟ್ ಹೋಯ್ತು. ಶಕ್ತಿನಗರದಲ್ಲಿ ನಮ್ಮ ಜಿಲ್ಲೆಯದೇ ವಿದ್ಯುತ್ ಸ್ಥಾವರ ಇದೆ, 1985ರಿಂದ ನಾಡಿಗೆಲ್ಲ ಬೆಳಕು ಕೊಡ್ತಾ ಇದೆ. ನಮ್ಮ ಮನೆಯಲ್ಲಿ ಮಾತ್ರ ಯುಪಿಎಸ್ ಕುಂಯ್ ಕುಂಯ್ ಅಂತಿತ್ತು.

ಅಕ್ಕ ಓಡಿ ಬಂದ್ಲು. "ಮಾವನ ಲೆಕ್ಕ ಸೇವ್ ಮಾಡು ಮೊದ್ಲು, ಆಟ ಬಂದ್ ಮಾಡು!" "ಇದೊಂದು ರೇಸ್ ಮುಗೀಲಿ ಅಕ್ಕಾ" ಅಂದೆ. ರೇಸ್ ಮುಗೀಲಿಲ್ಲ. ಪರದೆ ಕಪ್ಪಾಯ್ತು.

ಕರೆಂಟ್ ಬಂದ ಮೇಲೆ ನೀಲಿ ಪರದೆಯಲ್ಲಿ ಸ್ಕ್ಯಾನ್‌ಡಿಸ್ಕ್ ಓಡ್ತು. ಲೆಕ್ಕ ಇರಲಿಲ್ಲ. "ಯಾರ್ ಮುಟ್ಟಿದ್ರು ಇದನ್ನ?" ಅಂತ ಮಾವ ಕೇಳಿದಾಗ ಕುರ್ಚಿ ಪಕ್ಕದಲ್ಲಿ ನಿಂತಿದ್ದವಳು ಅಕ್ಕ. ನಾನು ಬಾಗಿಲ ಹತ್ತಿರ ಸರಿದಿದ್ದೆ. "ಹೆಣ್ಮಕ್ಕಳಿಗ್ಯಾಕ ಬೇಕಾಗಿತ್ತು ಇದು?" ಅಂತ ಒಳಗಿನಿಂದ ಅತ್ತೆಯ ದನಿ ಬಂತು. ಅಕ್ಕ ನನ್ನ ಕಡೆ ಒಮ್ಮೆ ನೋಡಿದ್ಲು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಮರುದಿನ ಅವಳನ್ನ ಮಾನ್ವಿ ಬಸ್ಸಿಗೆ ಹತ್ತಿಸಿದ್ರು. ಡಿಗ್ರಿಗೆ ಕಂಪ್ಯೂಟರ್ ತಗೋತೀನಿ ಅನ್ನೋ ಅವಳ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಮುಂದಿನ ವರ್ಷ ಮದುವೆ. ನಾನು ಇಂಜಿನಿಯರಿಂಗ್ ಮಾಡಿದೆ. ಇವತ್ತು ಸಾಫ್ಟ್‌ವೇರ್ ಕೆಲಸದಲ್ಲೇ ಇದ್ದೀನಿ. ಆ ಒಂದು ಮಧ್ಯಾಹ್ನದಿಂದಲೇ ಇದೆಲ್ಲ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಆ ಮಧ್ಯಾಹ್ನ ಅವಳ ವಿರುದ್ಧ ಒಂದು ಕಾರಣ ಆಗಿ ಬಳಕೆಯಾಯ್ತು, ಆ ಕಾರಣ ಸುಳ್ಳಾಗಿತ್ತು.

ಹೋದ ದೀಪಾವಳಿಗೆ ಮಾನ್ವಿಗೆ ಹೋಗಿದ್ದೆ. ಅಕ್ಕ ಫೋನಿನಲ್ಲಿ ಪಕ್ಕದ ಮನೆಯವರಿಗೆ ಪಹಣಿ ತೆಗೆದು ತೋರಿಸ್ತಾ ಇದ್ಲು. ಅವರು ಹೋದ ಮೇಲೆ ಹೇಳಿಬಿಟ್ಟೆ: "ಅಕ್ಕಾ, ಅವತ್ತು ಮಾವನ ಮುಂದ ನಾನು ಹೇಳಬೇಕಿತ್ತು."

ಅವಳು ಫೋನಿಂದ ಕಣ್ಣೆತ್ತದೆ ಅಂದ್ಲು: "ಹೌದು, ಹೇಳಬೇಕಿತ್ತು."

ಅಷ್ಟೇ. ಪರವಾಗಿಲ್ಲ ಬಿಡು ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗಳನ್ನ ಕರೆದು, "ಮಾಮಾನ ಲ್ಯಾಪ್‌ಟಾಪ್ ಮುಂದ ಕೂಡು, ಏನ್ ಬೇಕಾದ್ರೂ ಕೇಳು" ಅಂದ್ಲು. ಈಗ ಪ್ರತಿ ಭಾನುವಾರ ಆ ಹುಡುಗಿಗೆ ವಿಡಿಯೊ ಕಾಲ್‌ನಲ್ಲಿ ಕೋಡಿಂಗ್ ಹೇಳಿಕೊಡ್ತೀನಿ.

ನಿಮ್ಮ ಮನೆಯಲ್ಲಿ ಕುರ್ಚಿ ಯಾರಿಗೆ ಸಿಕ್ತು, ಹಿಂದೆ ನಿಂತು ಕಲಿತವರು ಯಾರು? ಅವರಿಗೆ ಇವತ್ತೇ ಒಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ.