ಮೂಗು ಕಟ್ಟಿದಾಗ ಹಲ್ಲಿನ ಕಡೆಗೂ ಗಮನ ಇರಲಿ

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಸಾರಾಂಶ)



ಉಳಿತಾಯ ಮತ್ತು ಸಾಲ ಮರುಪಾವತಿಯ ಲೆಕ್ಕ ಮುಗಿಯಿತು. ಈಗ ಸ್ವಲ್ಪ ಹೊತ್ತು ಆರೋಗ್ಯದ ಮಾತು ಆಡೋಣ.

ಹಿಂದೊಮ್ಮೆ ಭದ್ರಾವತಿಯ ಸಭೆಯಲ್ಲಿ ಒಬ್ಬ ಅಕ್ಕ ಸಾಲ ಕೇಳಿದರು. "ಮೇಲಿನ ಎರಡು ದವಡೆ ಹಲ್ಲು ನೋಯ್ತಾ ಇದೆ, ಕೀಳಿಸಿಬಿಡ್ತೀನಿ" ಅಂದರು. ವಿಚಾರಿಸಿದಾಗ ಹದಿನೈದು ದಿನದಿಂದ ಸೀನು, ಮೂಗು ಕಟ್ಟುವುದು, ಬಗ್ಗಿ ಕಸ ಗುಡಿಸಿದರೆ ಕೆನ್ನೆ ಭಾರ ಅಂದರು. ಮೊದಲು ವೈದ್ಯರಿಗೆ ತೋರಿಸಿ ಅಂತ ಕಳಿಸಿದೆವು. ಹಲ್ಲು ಗಟ್ಟಿಯಾಗಿಯೇ ಇತ್ತು. ನೋವು ಬಂದದ್ದು ಮೂಗಿನ ಅಕ್ಕಪಕ್ಕದ ಸೈನಸ್‌ನಿಂದ. ಔಷಧಿಯಲ್ಲೇ ಗುಣವಾಯಿತು. ಎರಡು ಒಳ್ಳೆಯ ಹಲ್ಲೂ ಉಳಿದವು, ಸಾಲವೂ ಉಳಿಯಿತು.

ಮೇಲಿನ ದವಡೆ ಹಲ್ಲುಗಳ ಬೇರು ಸೈನಸ್‌ಗೆ ತೀರಾ ಹತ್ತಿರ ಇರುತ್ತದೆ. ಅಲ್ಲಿ ಊತ ಬಂದರೆ ಹಲ್ಲೇ ನೋಯುತ್ತಿದೆ ಅನ್ನಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ಹಲ್ಲು ಒಟ್ಟಿಗೆ ನೋಯುತ್ತವೆ, ಬಗ್ಗಿದರೆ ಹೆಚ್ಚಾಗುತ್ತದೆ. ಒಂದೇ ಹಲ್ಲು ಬಿಸಿಗೆ, ತಣ್ಣಗಿನದಕ್ಕೆ ಚುಳ್ ಅಂದರೆ ಅದು ಹೆಚ್ಚಾಗಿ ಹುಳುಕು. ಆದರೆ ಯಾವುದು ಅಂತ ವೈದ್ಯರೇ ಹೇಳಬೇಕು, ನಾವೇ ತೀರ್ಮಾನ ಮಾಡಬಾರದು.

ಅಲರ್ಜಿಗೂ ಹಲ್ಲಿಗೂ ಏನು ಸಂಬಂಧ?

ನಮ್ಮ ಕಡೆ ಅಲರ್ಜಿಗೆ ಕಾರಣ ಹಲವು. ಮಳೆಗಾಲದಲ್ಲಿ ಗೋಡೆ, ಬಟ್ಟೆಗೆ ಬೂಷ್ಟು. ಮಳೆ ನಿಂತ ಮೇಲೆ ಖಾಲಿ ಸೈಟುಗಳಲ್ಲಿ ಹೂ ಬಿಡುವ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಅನ್ನುವುದು. ಆಮೇಲೆ ಭತ್ತದ ಒಕ್ಕಣೆ, ಒಣ ಅಡಿಕೆ ಸುಲಿಯುವ ಧೂಳು. ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಬಿ.ಹೆಚ್. ರಸ್ತೆಯ ಧೂಳು ಇದ್ದೇ ಇದೆ.

ಮೂಗು ಕಟ್ಟಿದರೆ ಬಾಯಲ್ಲಿ ಉಸಿರಾಡುತ್ತೇವೆ. ರಾತ್ರಿಯೆಲ್ಲಾ ಬಾಯಿ ತೆರೆದು ಮಲಗಿದರೆ ಬಾಯಿ ಒಣಗುತ್ತದೆ. ಜೊಲ್ಲು ಅಂದರೆ ಬೇಡದ ನೀರಲ್ಲ. ಹಲ್ಲಿನ ಮೇಲಿನ ಆಹಾರದ ಚೂರು, ಹುಳಿ ಎಲ್ಲವನ್ನೂ ತೊಳೆಯುವುದು ಅದೇ. ಅದು ಕಡಿಮೆಯಾದರೆ ಹುಳುಕು, ವಸಡಿನ ಊತ, ಬಾಯಿ ವಾಸನೆ. ಸೀನಿಗೆ ನುಂಗುವ ಅವಿಲ್, ಸೆಟ್ರಿಜಿನ್ ಮಾತ್ರೆಗಳೂ ಬಾಯಿ ಒಣಗಿಸಬಹುದು. ಹಾಗಂತ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ, ನೀರು ಹೆಚ್ಚು ಕುಡಿಯಿರಿ.

ಮಾಡಬೇಕಾದದ್ದು

1. ಬೆಳಿಗ್ಗೆ ಮಾತ್ರವಲ್ಲ, ರಾತ್ರಿ ಮಲಗುವ ಮುಂಚೆಯೂ ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಹಲ್ಲುಜ್ಜಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಗಾಗಿ ರಾತ್ರಿ ಉಜ್ಜುವುದೇ ಮುಖ್ಯ. ಪಾತ್ರೆ ತೊಳೆಯದೆ ಮಲಗದ ನಾವು ಹಲ್ಲು ತೊಳೆಯದೆ ಮಲಗುವುದು ಸರಿಯೇ?

2. ನಾಲಿಗೆಯನ್ನೂ ಮೆಲ್ಲಗೆ ಸ್ವಚ್ಛ ಮಾಡಿ.

3. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಗಂಟಲಿಗೂ ಹಿತ.

4. ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಟ್ಟರೆ ಮರೆಯದೆ ಬಾಯಿ ಮುಕ್ಕಳಿಸಿ. ಹೆಚ್ಚಿನ ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಸದಾ ಪೆಪ್ಪರಮಿಂಟು ಚೀಪುವುದೂ ಬೇಡ.

5. ಇನ್‌ಹೇಲರ್ ಎಳೆಯುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲದಿದ್ದರೆ ಬಾಯೊಳಗೆ ಬಿಳಿ ಬೂಷ್ಟಿನಂಥ ಸೋಂಕು ಆಗಬಹುದು.

6. ಅಡಿಕೆ ಸುಲಿಯುವಾಗ, ಒಕ್ಕಣೆಯಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಮಾಡಬಾರದದ್ದು

ಇದ್ದಿಲು, ಇಟ್ಟಿಗೆ ಪುಡಿ, ಬೂದಿಯಿಂದ ಹಲ್ಲುಜ್ಜಬೇಡಿ, ಹಲ್ಲು ಸವೆಯುತ್ತದೆ. ಮೂಗು ಬಿಡಲಿ ಅಂತ ನಶ್ಯ ಏರಿಸುವುದು, ನೋವಿಗೆ ಹೊಗೆಸೊಪ್ಪು ಇಡುವುದು ಬೇಡವೇ ಬೇಡ. ಸ್ವಲ್ಪ ಹೊತ್ತು ಮರಗಟ್ಟಿದಂತೆ ಆಗಬಹುದು, ಆದರೆ ಚಟ ಅಂಟುತ್ತದೆ, ಬಾಯಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಅಡಿಕೆ ನಮ್ಮ ಜಿಲ್ಲೆಗೆ ಅನ್ನ ಕೊಡುವ ಬೆಳೆ, ಅದನ್ನು ಸುಲಿದು ಎಷ್ಟೋ ತಾಯಂದಿರು ಮಕ್ಕಳನ್ನು ಓದಿಸಿದ್ದಾರೆ. ಆದರೆ ಬಾಯಿ ಒಣಗಿತು ಅಂತ ದಿನವಿಡೀ ಅಡಿಕೆ ಜಗಿಯುವುದು ಬೇರೆ. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಬಾಯಿ ಒಣಗಿದರೆ ನೀರು ಕುಡಿಯಿರಿ.

ಯಾವಾಗ, ಎಲ್ಲಿ ತೋರಿಸಬೇಕು?

ಕೆನ್ನೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ಹೋಗಿ. ಬಾಯೊಳಗಿನ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರದಲ್ಲಿ ಮಾಯದಿದ್ದರೆ ತಡಮಾಡದೆ ತೋರಿಸಿ. ಮಗು ಯಾವಾಗಲೂ ಬಾಯಿ ತೆರೆದು ಮಲಗಿ ಗೊರಕೆ ಹೊಡೆದರೆ "ಅಭ್ಯಾಸ" ಅಂತ ಬಿಡಬೇಡಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ, ಶರಾವತಿ ದಂತ ವೈದ್ಯಕೀಯ ಕಾಲೇಜು ಇವೆ. ಭದ್ರಾವತಿಯವರು ಮೊದಲು ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಸಂಘದ ಇನ್ನೊಬ್ಬ ಸದಸ್ಯೆಯನ್ನು ಜೊತೆಗೆ ಕರೆದುಕೊಳ್ಳಿ.

ಇವತ್ತಿನ ನಡಾವಳಿ ಪುಸ್ತಕದಲ್ಲಿ ಒಂದು ತೀರ್ಮಾನ ಬರೆಯೋಣವೇ? "ನಮ್ಮ ಸಂಘದ ಪ್ರತಿ ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಬ್ರಷ್, ದಿನಕ್ಕೆ ಎರಡು ಸಲ ಹಲ್ಲುಜ್ಜುವುದು." ಮುಂದಿನ ತಿಂಗಳು ಉಳಿತಾಯದ ಲೆಕ್ಕದ ಜೊತೆ ಇದರ ಲೆಕ್ಕವನ್ನೂ ಕೇಳ್ತೀನಿ!

ದೇವರು ನಮ್ಮೆಲ್ಲರ ಕುಟುಂಬಗಳಿಗೆ ಒಳ್ಳೆಯ ಆರೋಗ್ಯ ಕೊಡಲಿ.