ಚಪ್ಪರದ ಕಡೆಯ ಸಾಲು

ಯುಗಾದಿಯ ಹೊಸ ಪಂಚಾಂಗವು ಮನೆಗೆ ಬರುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳ ಬೆಂಕಿ ಆರಿ, ಹರಾಜಿನ ಹಣವು ರೈತನ ಕೈಸೇರಿರುತ್ತದೆ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬೆಳೆದ ಭತ್ತವು ಕಣವನ್ನು ದಾಟಿ ಮನೆಯೊಳಗೆ ಬಂದಿರುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಿಯೂ ಹೊಲದ ಕೆಲಸಕ್ಕೆ ಕೊಂಚ ಬಿಡುವು ದೊರೆತಿರುತ್ತದೆ. ಆಷಾಢವು ಕಾಲಿಡುವುದರೊಳಗಾಗಿ ಮದುವೆ, ಗೃಹಪ್ರವೇಶ, ಬೀಗರೂಟಗಳೆಲ್ಲ ಮುಗಿಯಬೇಕು. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು, ಜವಳಿಗೆ ಎಷ್ಟು ವ್ಯಯಮಾಡಬೇಕು ಎಂಬ ವಿಚಾರಗಳು ತಿಂಗಳುಗಟ್ಟಲೆ ನಡೆಯುತ್ತವೆ. ಆದರೆ ಕರೆಗೆ ಓಗೊಟ್ಟು ಬಂದವರು ಎಲ್ಲಿ ಕುಳಿತುಕೊಳ್ಳುವರು, ಕುಳಿತ ಮೇಲೆ ಅವರಿಗೆ ಸುಖವಾಗುವುದೇ ಎಂಬ ಪ್ರಶ್ನೆಗೆ ಈಗೀಗ ಅರೆಗಳಿಗೆಯ ಮನಸ್ಸನ್ನೂ ಕೊಡದೆ, ಅದನ್ನು ಬಾಡಿಗೆಯ ಷಾಮಿಯಾನದವನ ಹೊಣೆಗೆ ಬಿಟ್ಟುಬಿಡುತ್ತೇವೆ. ಶ್ರೋತೃಬಾಂಧವರೇ, ಆತಿಥ್ಯದ ಸಾರವೆಲ್ಲ ಈ ಪ್ರಶ್ನೆಯಲ್ಲಿಯೇ ಅಡಗಿದೆಯೆಂದು ನನ್ನ ನಂಬುಗೆ.

ಈ ಸೀಮೆಯ ಹಸಿರು ಚಪ್ಪರವನ್ನು ಕಟ್ಟುತ್ತಿದ್ದ ಹಿರಿಯರು ಅದನ್ನು ಬರಿಯ ಶಾಸ್ತ್ರವೆಂದೆಣಿಸಿದವರಲ್ಲ. ಹಾಲುಕಂಬವನ್ನು ಪೂಜಿಸಿ ನಿಲ್ಲಿಸಿದ ತರುವಾಯ ಅವರು ಗಳುಗಳನ್ನು ಹಾಯಿಸಿ, ತೆಂಗಿನ ಗರಿಯನ್ನು ಹೊದಿಸಿ, ಅದರ ಮೇಲೆ ಹಸಿ ಸೊಪ್ಪನ್ನು ಹರಡುತ್ತಿದ್ದುದರಲ್ಲಿ ಒಂದು ಸೂಕ್ಷ್ಮವಾದ ವಿವೇಕವಿತ್ತು. ಚೈತ್ರ ವೈಶಾಖಗಳ ನಡುಹಗಲಿನ ಬಿಸಿಲನ್ನು ಆ ಎಲೆಗಳು ತಡೆಯುತ್ತಿದ್ದವು. ಎಲೆಎಲೆಯ ನಡುವಣ ಸಂದಿನಿಂದ ಬಿಸಿಗಾಳಿಯು ಮೇಲಕ್ಕೆ ಹೋಗಿ, ಕೆಳಗಡೆ ಕುಳಿತವರಿಗೆ ತಂಪು ಉಳಿಯುತ್ತಿತ್ತು. ಇಂದು ನಾವು ಅಂಗಳಕ್ಕೆ ಹೊದಿಸುವ ತಗಡು ಬಿಸಿಲನ್ನು ಕುಡಿದು ಕಾದು, ಕುಳಿತವರ ನೆತ್ತಿಯ ಮೇಲೆ ಅದನ್ನೇ ಮರಳಿ ಸುರಿಯುತ್ತದೆ. ಬಟ್ಟೆಯ ಷಾಮಿಯಾನವನ್ನು ನಾಲ್ಕು ಕಡೆಯಿಂದಲೂ ಇಳಿಬಿಟ್ಟರೆ ಒಳಗಿನ ಉಸಿರು ಒಳಗೇ ತಿರುಗುತ್ತದೆ. ಭರಣಿಯ ಮಳೆಗೆ ಮುನ್ನ ಬೀಸುವ ಬಿರುಗಾಳಿಯನ್ನು ನೆನೆದು ಆ ಹಿರಿಯರು ಕಂಬಗಳಿಗೆ ಆಳವಾದ ಗುಣಿ ತೋಡುತ್ತಿದ್ದರು. ಗಾಳಿಯ ದಿಕ್ಕನ್ನು ನೋಡಿ, ಹೊಗೆಯು ಕುಳಿತವರ ಕಣ್ಣಿಗೆ ನುಗ್ಗದಂತೆ ಒಲೆಗಳ ಜಾಗವನ್ನು ಗೊತ್ತುಮಾಡುತ್ತಿದ್ದರು. ಅಂಗಳಕ್ಕೆ ಸಗಣಿ ಸಾರಿಸಿ ಧೂಳಡಗಿಸುತ್ತಿದ್ದರು; ಬಾಗಿಲ ಬಳಿಯಲ್ಲಿಯೇ, ದೂರದಿಂದ ನಡೆದು ಬಂದವರು ಕಾಲು ತೊಳೆಯುವುದಕ್ಕೆಂದು, ಹಂಡೆಯ ತುಂಬ ನೀರಿರುತ್ತಿತ್ತು. ಮುದುಕರಿಗೆ ಒರಗಿಕೊಳ್ಳಲು ಜಗಲಿಯ ಗೋಡೆ, ಎಳೆಯ ಕೂಸಿನ ತಾಯಿಗೆ ನಡುಮನೆಯ ಮೂಲೆ, ಗಂಡಸರ ಮಾತುಕತೆಗೆ ಜಮಖಾನದ ನಡುವೆ ಎಲೆಯಡಿಕೆಯ ಹರಿವಾಣ, ಇವೆಲ್ಲವೂ ಯಾರೂ ಹೇಳದೆಯೇ ಅಣಿಯಾಗಿರುತ್ತಿದ್ದವು.

ಆ ಕಾಲದ ಎಲ್ಲವೂ ಒಳ್ಳೆಯದಾಗಿತ್ತೆಂದು ಹೇಳುವಷ್ಟು ಮೋಹ ನನಗಿಲ್ಲ. ಒಂದು ಚಪ್ಪರದಡಿಯಲ್ಲಿಯೇ ಜಾತಿಗೊಂದು ಪಂಕ್ತಿ ಇದ್ದಿತು; ಚಪ್ಪರಕ್ಕೆ ಸೊಪ್ಪನ್ನು ಹೊತ್ತು ತಂದವನೇ ಅದರ ನೆರಳಿಗೆ ಹೊರಗಾಗಿ, ಬೇಲಿಯ ಬದಿಯಲ್ಲಿ ಕಾದಿರಬೇಕಾದ ದುರವಸ್ಥೆಯೂ ಇದ್ದಿತು. ಆ ವಿವೇಕವನ್ನು ಉಳಿಸಿಕೊಂಡು ಈ ಅನ್ಯಾಯವನ್ನು ತೊಲಗಿಸಬೇಕಾಗಿದ್ದ ನಾವು, ಅನೇಕ ವೇಳೆ, ವಿವೇಕವನ್ನು ಮೊದಲು ತೊಲಗಿಸಿದೆವೆಂಬುದೇ ವ್ಯಸನದ ಸಂಗತಿ.

ಆತಿಥ್ಯದ ವಿಷಯದಲ್ಲಿ ಈ ಮಣ್ಣಿಗೆ ಒಂದು ಗ್ರಂಥಪರಂಪರೆಯೂ ಉಂಟು. ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಊರಾದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು, ಚೆಂಗಾಳ್ವ ಅರಸರನ್ನು ಆಶ್ರಯಿಸಿದ್ದ ಮನೆತನದವನು, ಜೈನ ಕಾವ್ಯಗಳನ್ನು ಬರೆದ ಲೇಖನಿಯಿಂದಲೇ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನೂ ರಚಿಸಿದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಶಾಕಗಳು ಮುಂತಾದವನ್ನು ಷಟ್ಪದಿಯಲ್ಲಿ ಹಾಡಿ ಹೇಳುವುದು ತನ್ನ ಕವಿತ್ವಕ್ಕೆ ಕುಂದೆಂದು ಆತನಿಗೆ ತೋರಲಿಲ್ಲ. ಉಣ್ಣುವವನ ನಾಲಗೆಗೆ ಹಿತವಾಗುವುದನ್ನು ಅಷ್ಟು ಶ್ರದ್ಧೆಯಿಂದ ಚಿಂತಿಸಿದ ಕವಿಯ ಸೀಮೆಯಲ್ಲಿ, ಉಣ್ಣುವವನು ನೆಮ್ಮದಿಯಾಗಿ ಕುಳಿತಿದ್ದಾನೆಯೇ ಎಂದು ನಾವು ಚಿಂತಿಸುವುದು ಹೆಚ್ಚಿನ ಮಾತಲ್ಲ.

ಏಕೆಂದರೆ ನಮ್ಮ ಕಲ್ಯಾಣಮಂಟಪಗಳಲ್ಲಿ ಈಗ ನಡೆಯುತ್ತಿರುವುದನ್ನು ನೋಡಿ. ವೇದಿಕೆಯ ಮೇಲೆ ಕಣ್ಣು ಕೋರೈಸುವ ಬೆಳಕು. ವಧೂವರರಿಗೂ ನೆಂಟರಿಗೂ ನಡುವೆ ಕ್ಯಾಮರಾ ಹಿಡಿದವರ ಗೋಡೆ. ಧಾರೆಯೆರೆಯುವ ಪುಣ್ಯಗಳಿಗೆಯಲ್ಲಿ ಅಕ್ಷತೆಯನ್ನು ಕೈಯಲ್ಲಿ ಹಿಡಿದು ನಿಂತ ಸೋದರತ್ತೆಗೆ ಕಾಣುವುದು ಛಾಯಾಗ್ರಾಹಕರ ಬೆನ್ನು. ಧ್ವನಿವರ್ಧಕದ ಅಬ್ಬರಕ್ಕೆ, ಬಹುಕಾಲದ ಮೇಲೆ ಕೂಡಿದ ಬಂಧುಗಳು ಒಬ್ಬರ ಕ್ಷೇಮವನ್ನು ಒಬ್ಬರು ಕೂಗಿ ಕೇಳಬೇಕಾಗುತ್ತದೆ. ಎರಡು ಬಾರಿ ಕೂಗಿ, ಮೂರನೆಯ ಬಾರಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆ ಮಾತಿಗಾಗಿಯೇ ಅಲ್ಲವೇ ಅವರು ಬಂದದ್ದು? ಸಾಲುಸಾಲಾಗಿ ವೇದಿಕೆಯತ್ತ ಮುಖಮಾಡಿ ಇಟ್ಟ ಕುರ್ಚಿಗಳಲ್ಲಿ ಕುಳಿತವನು ಮುಂದಿನವನ ತಲೆಯನ್ನಲ್ಲದೆ ಯಾರ ಮುಖವನ್ನೂ ಕಾಣಲಾರ. ಹಿಂಭಾಗದಲ್ಲಿಯಾದರೂ ಹತ್ತಾರು ಕುರ್ಚಿಗಳನ್ನು ಒಂದಕ್ಕೊಂದು ಎದುರಾಗಿ, ಗುಂಪುಗುಂಪಾಗಿ ಇಡುವುದಕ್ಕೆ ಕಾಸಿನ ಖರ್ಚಿಲ್ಲ.

ಊಟದ ಮನೆಯಲ್ಲಿ ಇನ್ನೂ ಕಷ್ಟ. ಉಣ್ಣುತ್ತಿರುವವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿಯ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಕುಳಿತವನು ಪಾಯಸವನ್ನು ಎರಡನೆಯ ಸಲ ಬಯಸಲಾರ. ಹಿಂದೆ ನಿಂತವನ ಹಸಿವು ಅವನ ಬೆನ್ನಿಗೆ ತಾಗುತ್ತಿರುತ್ತದೆ. ಇದು ಯಾರ ದುರಾಸೆಯ ಫಲವೂ ಅಲ್ಲ, ಕಾಯುವವರಿಗೊಂದು ಸ್ಥಳವನ್ನು ಕಲ್ಪಿಸದ ಯಜಮಾನನ ಅನವಧಾನದ ಫಲ. ಊಟದ ಮನೆಯ ಹೊರಗೆ ನೆರಳಿನಲ್ಲಿ ಕುರ್ಚಿಗಳಿದ್ದು, ಕುಡಿಯಲು ಮಜ್ಜಿಗೆಯೋ ಪಾನಕವೋ ಇದ್ದು, ಮನೆಯ ಹುಡುಗನೊಬ್ಬನು ಬಂದು “ಏಳಿ ಮಾವ, ಎಲೆ ಹಾಕವ್ರೆ” ಎಂದು ಒಬ್ಬೊಬ್ಬರನ್ನೇ ಕರೆದು ಎಬ್ಬಿಸಿಕೊಂಡು ಹೋದರೆ, ಅದೇ ಜನ ಎಷ್ಟು ಗಾಂಭೀರ್ಯದಿಂದ ಕಾಯುತ್ತಾರೆಂಬುದನ್ನು ನೋಡಬಹುದು.

ಇನ್ನೊಂದು ಸಣ್ಣ ಸಂಗತಿ, ಆದರೆ ಮನಸ್ಸಿಗೆ ನಾಟುವಂಥದು. ಮುಯ್ಯಿ ಬರೆಯುವ ಪುಸ್ತಕವನ್ನು ಹಿಡಿದು ಬಾಗಿಲಲ್ಲಿಯೇ ಮೇಜು ಹಾಕಿ ಕುಳಿತುಕೊಳ್ಳುವುದುಂಟು. ಅನುಕೂಲವಿದ್ದವನಿಗೆ ಅದು ಏನೂ ಅಲ್ಲ. ಆದರೆ ಈ ವರುಷ ಬೆಳೆ ಕೈಕೊಟ್ಟವನು, ಬರಿಯ ಪ್ರೀತಿಯನ್ನು ಹೊತ್ತು ಬಂದವನು, ತನ್ನ ಮೊತ್ತವನ್ನು ಹಿಂದೆ ನಿಂತವರಿಗೆ ಕೇಳಿಸುವಂತೆ ಹೇಳಬೇಕಾಗಿ ಬಂದಾಗ ಆ ಚಪ್ಪರದೊಳಗಿನ ಸಮಸ್ತ ವೈಭವವೂ ಅವನಿಗೆ ಕಹಿಯಾಗುತ್ತದೆ. ಆ ಮೇಜನ್ನು ಹತ್ತು ಮಾರು ಆಚೆಗೆ, ಒಂದು ಮರೆಯಲ್ಲಿ ಇಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ಬಾಗಿಲಲ್ಲಿ ಪನ್ನೀರಿನವರು ಇರಲಿ.

ಹಾಗಾದರೆ ಯಜಮಾನನು ಇವೆಲ್ಲವನ್ನೂ ಅರಿಯುವ ಬಗೆ ಹೇಗೆ? ಕಾರ್ಯದ ಹಿಂದಿನ ದಿನ, ಎಲ್ಲವೂ ಸಿದ್ಧವಾದ ಮೇಲೆ, ಅವನು ಚಪ್ಪರದ ಕಟ್ಟಕಡೆಯ ಸಾಲಿಗೆ ಹೋಗಿ ಕುಳಿತು ನೋಡಲಿ. ಮುಂದಿನ ಸಾಲಿನ ಬೀಗರಿಗೆ ಯಾರಾದರೂ ಬೀಸಣಿಗೆ ತಂದೇ ತರುತ್ತಾರೆ. ಶಾಸಕರಿಗೂ ತಹಸೀಲ್ದಾರರಿಗೂ ಸೋಫಾ ತಾನಾಗಿಯೇ ಬರುತ್ತದೆ. ಕಡೆಯ ಸಾಲಿನಲ್ಲಿ ಕೂರತಕ್ಕವರು ಬೇರೆ: ಹೆಗ್ಗಡದೇವನಕೋಟೆಯ ದೂರದ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದು, ಸಂಜೆಯ ಕಡೆಯ ಬಸ್ಸಿಗೆ ಹಿಂದಿರುಗಬೇಕಾದ ಮುದುಕಿ; ಯಾರ ಪರಿಚಯವೂ ಇಲ್ಲದೆ, ಹೆಣ್ಣಿನ ತಂದೆಯೊಡನೆ ಎಂದೋ ಕೆಲಸಮಾಡಿದ ನೆನಪಿನಿಂದ ಬಂದ ಒಬ್ಬಂಟಿ. ಅಲ್ಲಿಂದ ವಧೂವರರು ಕಾಣುತ್ತಾರೆಯೇ, ಅಲ್ಲಿಗೆ ನೀರು ಬರುತ್ತದೆಯೇ, ಮೂರು ಗಂಟೆಯ ಬಿಸಿಲು ಅಲ್ಲಿಗೆ ಇಣುಕುತ್ತದೆಯೇ, ಶೌಚಾಲಯದ ದಾರಿಯನ್ನು ಯಾರನ್ನೂ ಕೇಳದೆ ತಿಳಿಯಬಹುದೇ, ಕತ್ತಲಾದರೆ ರಸ್ತೆಯವರೆಗೆ ದೀಪವಿದೆಯೇ? ಆ ಸ್ಥಳದಲ್ಲಿ ಕುಳಿತವನಿಗೆ ಈ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ. ಕಡೆಯ ಸಾಲನ್ನು ನೆಟ್ಟಗೆ ಮಾಡಿದವನಿಗೆ ಮುಂದಿನ ಸಾಲಿಗಾಗಿ ಬೇರೆ ಯೋಚನೆಯೇ ಬೇಕಾಗುವುದಿಲ್ಲ.

ಆ ಸಾಲಿನಿಂದಾಚೆಗೂ ಕೆಲವರಿದ್ದಾರೆ. ಕಾಕನಕೋಟೆಯ ಕಾಡಿನಲ್ಲಿ 1971ರವರೆಗೆ ಆಗಾಗ ನಡೆದ, ಕಾಡಾನೆಗಳನ್ನು ಹಿಡಿಯುವ ಖೆಡ್ಡಾಗಳಿಗೆ ವೈಸರಾಯರೂ ರಾಜಕುಮಾರರೂ ಅತಿಥಿಗಳಾಗಿ ಬಂದಾಗ, ಆನೆಗಳನ್ನು ನೋಡಲು ಅವರಿಗೆ ಸುಖಾಸನಗಳು ಅಣಿಯಾಗುತ್ತಿದ್ದವು. ಪ್ರಾಣವನ್ನು ಪಣವಾಗಿಟ್ಟು ಆನೆಯ ಹಿಂಡನ್ನು ಅಟ್ಟಿಕೊಂಡು ಬರುತ್ತಿದ್ದ ಜೇನುಕುರುಬರೇ ಮೊದಲಾದ ಕಾಡಿನ ಜನರಿಗೆ ಆ ಆಸನಗಳ ಸಾಲಿನಲ್ಲಿ ಎಡೆಯಿರಲಿಲ್ಲ. ಮದುವೆಯ ಮನೆಯಲ್ಲಿಯೂ ಅಂಥವರುಂಟು: ನಸುಕಿನಿಂದ ಒಲೆಯ ಮುಂದೆ ಬೆಂದ ಅಡಿಗೆಯವರು, ಓಲಗದವರು, ಎಂಜಲೆಲೆ ತೆಗೆದು ಪಾತ್ರೆ ತೊಳೆದವರು, ಗುಣಿ ತೋಡಿ ಚಪ್ಪರ ನಿಲ್ಲಿಸಿದವರು. ಸಾಮಾನ್ಯವಾಗಿ ಇವರು ಸಂಜೆಯ ಹೊತ್ತಿಗೆ ಪಾತ್ರೆಗಳ ನಡುವೆ ನಿಂತು ಉಳಿದದ್ದನ್ನು ಉಣ್ಣುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಇವರ ಪಾಲಿನ ಒಬ್ಬಟ್ಟನ್ನೂ ತುಪ್ಪವನ್ನೂ ಮೊದಲ ಪಂಕ್ತಿಗೆ ಬಡಿಸುವ ಮುನ್ನವೇ ಎತ್ತಿರಿಸಿ, ಕಡೆಯಲ್ಲಿ ಇವರಿಗೂ ಬಾಳೆಲೆ ಹಾಕಿ, ಮನೆಯ ಯಜಮಾನನೂ ಯಜಮಾನಿಯೂ ಕೈಯಾರೆ ಬಡಿಸಿ, ಬಳಿಕ ತಾವೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಈ ವರುಷ ಲಗ್ನವನ್ನು ಗೊತ್ತುಮಾಡಿಕೊಂಡವರು ಚಪ್ಪರಕ್ಕೆ ಅಳತೆ ಹಿಡಿಯುವಾಗಲೇ ಆ ಪಂಕ್ತಿಗೂ ಜಾಗವನ್ನು ಸೇರಿಸಿ ಅಳೆಯಬೇಕೆಂದು ನನ್ನ ಪ್ರಾರ್ಥನೆ.